ಬೊಂಡಾಸಿನ ಗಾಳ ಮತ್ತು ಒಂದು ಬಕೆಟ್ ಸಿಹಿನೀರು

ಮೊನ್ನೆ ಭಾನುವಾರ ಬಾಲ್ಕನಿಯಲ್ಲಿ ಕೂತು ಗಾಳದ ಕೋಲು ಒರೆಸುತ್ತಾ ಇದ್ದೆ. ಪಕ್ಕದ ಫ್ಲಾಟಿನ ಹುಡುಗ ಇಣುಕಿ ನೋಡಿದ. "ಅಂಕಲ್, ಹುಸೇನ್ ಸಾಗರದಲ್ಲಿ ಮೀನು ಹಿಡೀತೀರಾ?" ಅಂದ. ಇಲ್ಲಪ್ಪಾ, ಇದು ಬೊಂಡಾಸ್ ಹಿಡಿಯೋ ಕೋಲು, ಸಮುದ್ರದ್ದು ಅಂದೆ. ಹುಡುಗ ಒಂದು ಕ್ಷಣ ನನ್ನ ಮುಖ ನೋಡಿದ, ಮತ್ತೆ ಕೋಲು ನೋಡಿದ. "ಇಲ್ಲಿ ಸಮುದ್ರ ಎಲ್ಲಿದೆ?" ಅಂತ ಕೇಳಿಯೇಬಿಟ್ಟ.

ಸರಿಯಾದ ಪ್ರಶ್ನೆಯೇ. ಹೈದರಾಬಾದಿನಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಸಿಗಬೇಕಾದರೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸಬೇಕು. ಹೀಗಿದ್ದೂ ನನ್ನ ಅಟ್ಟದ ಮೇಲೆ ಎರಡು ಗಾಳದ ಕೋಲು, ಮೂರು ರೀಲು, ಒಂದು ಡಬ್ಬಿ ತುಂಬ ಬಣ್ಣಬಣ್ಣದ ಸುಳ್ಳು ಸಿಗಡಿಗಳು ಇವೆ. ನನ್ನ ಹೆಂಡತಿ ಇದಕ್ಕೆ 'ಗಂಗೊಳ್ಳಿ ರೋಗ' ಅಂತ ಹೆಸರಿಟ್ಟಿದ್ದಾಳೆ. ಇರಲಿ.

ನಾನು ಗಂಗೊಳ್ಳಿ ಬಿಟ್ಟು ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ ಈ ಊರಿಗೆ ಬಂದದ್ದು 1989ರಲ್ಲಿ. ಅವತ್ತಿನಿಂದ ಇಲ್ಲಿನ ಮೀನು ತಿಂದೇ ಬದುಕಿದ್ದೇನೆ. ರಾಮನಗರದ ಮೀನು ಮಾರ್ಕೆಟ್ಟಿನಲ್ಲಿ ರೋಹು, ಕಾಟ್ಲಾ, ತೊಟ್ಟಿಯಲ್ಲಿ ಜೀವಂತ ಹೊರಳಾಡುವ ಕೊರಮೀನು. ಕೊರಮೀನು ತೆಲಂಗಾಣದ ರಾಜ್ಯಮೀನು ಬೇರೆ! ಜೂನ್ ಮೊದಲ ವಾರ ಮೃಗಶಿರಾ ಕಾರ್ತೆ ಬಂತೆಂದರೆ ಇಡೀ ನಗರ ಮೀನಿಗೆ ಮುಗಿಬೀಳುತ್ತದೆ. ನಾಂಪಲ್ಲಿ ಎಕ್ಸಿಬಿಷನ್ ಮೈದಾನದಲ್ಲಿ ಉಬ್ಬಸದವರು ಬಾಯಿ ತೆರೆದು ಮೀನುಮರಿಯ ಪ್ರಸಾದ ನುಂಗುತ್ತಾರೆ. ತಮಾಷೆ ನೋಡಿ, ಅದೇ ಹೊತ್ತಿಗೆ ನಮ್ಮೂರಲ್ಲಿ ಯಾಂತ್ರಿಕ ದೋಣಿಗಳೆಲ್ಲ ದಡದಲ್ಲಿ. ಪಶ್ಚಿಮ ಕರಾವಳಿಗೆ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ರಜೆ. ಪೂರ್ವ ಕರಾವಳಿಯದ್ದೂ ಏಪ್ರಿಲ್ 15ಕ್ಕೆ ಶುರುವಾದದ್ದು ಜೂನ್ 14ಕ್ಕೆ ಮುಗಿಯುವುದು. ಎರಡು ಸಮುದ್ರಗಳೂ ಬಾಗಿಲು ಹಾಕಿಕೊಂಡ ದಿನ ಹೈದರಾಬಾದು ಕೆರೆ ಮೀನಿನಲ್ಲಿ ಹಬ್ಬ ಮಾಡುತ್ತದೆ.

ಆದರೆ ಬೊಂಡಾಸ್ ಮಾತ್ರ ಇಲ್ಲಿ ನಮ್ಮದಲ್ಲ. ಸೂಪರ್ ಮಾರ್ಕೆಟ್ಟಿನ ಫ್ರೀಜರಿನಲ್ಲಿ ಬಿಳೀ ಬಳೆಗಳ ಹಾಗೆ ಕತ್ತರಿಸಿಟ್ಟ ಪೊಟ್ಟಣ ಸಿಗುತ್ತದೆ. ಜುಬಿಲಿ ಹಿಲ್ಸಿನ ಹೋಟೆಲುಗಳಲ್ಲಿ ಅದಕ್ಕೆ 'ಕ್ಯಾಲಮಾರಿ' ಅಂತ ಹೆಸರು, ಹೆಸರಿಗೆ ತಕ್ಕ ಬೆಲೆ. ಅದನ್ನು ತಿಂದವರಿಗೆ ಅದಕ್ಕೆ ಹತ್ತು ಕೈಗಳಿದ್ದವು, ಮೂರು ಹೃದಯಗಳಿದ್ದವು, ನೀಲಿ ರಕ್ತ ಇತ್ತು ಅಂತ ಯಾರು ಹೇಳಬೇಕು? (ಎಂಟು ತೋಳು, ಎರಡು ಉದ್ದನೆಯ ಹಿಡಿಗೈ. ಲೆಕ್ಕ ಸರಿಯಿರಲಿ ಅಂತ ಹೇಳಿದೆ.)

ಅಂದ ಹಾಗೆ, ಘಟ್ಟದ ಮೇಲಿನ ಗೆಳೆಯರಿಗಾಗಿ ಒಂದು ಮಾತು. ಬೊಂಡಾಸ್ ಅಂದರೆ ಸ್ಕ್ವಿಡ್. ಮೈ ಉದ್ದ, ಒಳಗೆ ತೆಳ್ಳಗೆ ಗಾಜಿನ ಹಾಗೆ ಒಂದು ಕಡ್ಡಿ. ಕಪ್ಪೆ ಬೊಂಡಾಸ್ ಅಂದರೆ ಕಟಲ್ ಫಿಶ್. ಅದು ಅಗಲ, ಒಳಗೆ ಬಿಳಿಯ ಸುಣ್ಣದ ಹಲಗೆ. ಆ ಹಲಗೆಯನ್ನೇ ಗಿಳಿ ಸಾಕುವವರು ಪಂಜರಕ್ಕೆ ಕಟ್ಟುವುದು. ಎರಡೂ ಮಸಿ ಕಾರುತ್ತವೆ, ಎರಡೂ ಒಂದೇ ತರಹದ ಗಾಳಕ್ಕೆ ಬೀಳುತ್ತವೆ.

ನಾನು ಮೊದಲು ನೋಡಿದ ಬೊಂಡಾಸಿನ ಗಾಳ ನನ್ನ ದೊಡ್ಡಪ್ಪನದ್ದು. ಕೋಲಿಲ್ಲ, ರೀಲಿಲ್ಲ. ಒಂದು ಮರದ ತುಂಡಿಗೆ ಸುತ್ತಿದ ದಾರ. ತುದಿಯಲ್ಲಿ ಬೆರಳುದ್ದದ ಸೀಸದ ಕಡ್ಡಿ, ಅದಕ್ಕೆ ಬಿಳಿ ಬಟ್ಟೆಯ ಚೂರು ಬಿಗಿದಿದ್ದ. ಕೆಳಗೆ ಕೊಡೆಯ ಕಡ್ಡಿಗಳ ಹಾಗೆ ಸುತ್ತಲೂ ಮೇಲ್ಮುಖವಾಗಿ ಬಾಗಿದ ಸೂಜಿಗಳು. ಆ ಸೂಜಿಗಳಿಗೆ ಹಿಂಮುಳ್ಳಿಲ್ಲ. ಬೊಂಡಾಸ್ ಬಾಯಿಯಿಂದ ಕಚ್ಚುವ ಪ್ರಾಣಿಯಲ್ಲ, ಕೈಯಿಂದ ಅಪ್ಪಿಕೊಳ್ಳುವ ಪ್ರಾಣಿ. ಅಪ್ಪಿಕೊಂಡಾಗ ತೋಳು ಸೂಜಿಗೆ ಸಿಗುತ್ತದೆ. ಹಿಂಮುಳ್ಳಿಲ್ಲದ ಕಾರಣ ದಾರ ಒಂದು ಚೂರು ಸಡಿಲವಾದರೂ ಜಾರಿ ಹೋಗುತ್ತದೆ. ಗಟ್ಟಿಯಾಗಿ ಎಳೆದರೆ ತೋಳು ಹರಿದು ಬರೀ ತೋಳೇ ಬರುತ್ತದೆ. ಸಡಿಲವೂ ಬಿಡಬಾರದು, ಬಿಗಿಯಾಗಿಯೂ ಎಳೆಯಬಾರದು. ಸಂಸಾರದ ಹಾಗೆ :)

ದೊಡ್ಡಪ್ಪ ದೋಣಿಯಿಂದ ಇಳಿದು ಮನೆಗೆ ಬಂದರೆ ಮೊದಲು ಹೋಗುತ್ತಿದ್ದದ್ದು ಬಾವಿಕಟ್ಟೆಗೆ. ತನ್ನ ಕಾಲು ತೊಳೆಯುವ ಮೊದಲು ಗಾಳಕ್ಕೆ ಸ್ನಾನ. ಒಂದು ಬಕೆಟ್ ಸಿಹಿನೀರು ಸೇದಿ, ದಾರವನ್ನೆಲ್ಲ ಬಿಚ್ಚಿ ಅದರಲ್ಲಿ ಮುಳುಗಿಸಿಡುತ್ತಿದ್ದ. ಊಟ ಮುಗಿಸಿ ಬಂದು ತೆಗೆದು ನೆರಳಲ್ಲಿ ಒಣಗಿಸಿ, ಸೂಜಿಗಳಿಗೆ ಕೊಬ್ಬರಿ ಎಣ್ಣೆಯ ಬೆರಳು ಮುಟ್ಟಿಸುತ್ತಿದ್ದ. ನಾನು ಕೇಳಿದರೆ, "ಉಪ್ಪು ಸಮುದ್ರದ್ದ್ ಮಾರಾಯ, ಅಲ್ಲೇ ಬಿಟ್ ಬರ್ಕ್" ಅನ್ನುತ್ತಿದ್ದ. ಆಗ ಅದು ನನಗೆ ಬರೀ ಮುದುಕನ ಮಾತಾಗಿತ್ತು.

ಅದು ಬರೀ ಮಾತಲ್ಲ ಅಂತ ಗೊತ್ತಾಗಲು ನನಗೆ ಏಳು ಸಾವಿರ ರೂಪಾಯಿ ಖರ್ಚಾಯಿತು.

ಹತ್ತು ಹನ್ನೆರಡು ವರ್ಷದ ಹಿಂದೆ, ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿದ್ದಾಗ ಆನ್‌ಲೈನಿನಲ್ಲಿ ಒಂದು ರೀಲು ತರಿಸಿದೆ. ಕ್ರಿಸ್‌ಮಸ್ ರಜೆಗೆ ಊರಿಗೆ ಹೋಗಿ ನಾಲ್ಕು ದಿನ ಆಡಿದೆ. ವಾಪಸು ಬರುವ ಗಡಿಬಿಡಿಯಲ್ಲಿ ಒರೆಸಿ, ಚೀಲಕ್ಕೆ ತುರುಕಿ, ಇಲ್ಲಿ ಅಟ್ಟಕ್ಕೆ ಹಾಕಿದೆ. ಹೈದರಾಬಾದು ಒಣ ಊರು, ತುಕ್ಕು ಎಲ್ಲಿಂದ ಬರಬೇಕು ಅಂತ ನನ್ನ ಜಾಣತನ. ಮುಂದಿನ ವರ್ಷ ತೆಗೆದು ನೋಡಿದರೆ ಹಿಡಿಕೆ ತಿರುಗುತ್ತಿಲ್ಲ. ದಾರ ಹಾಯುವ ಪುಟ್ಟ ಗಾಲಿ ಕಲ್ಲಾಗಿತ್ತು. ಡಬ್ಬಿಯೊಳಗಿನ ಗಾಳಗಳಲ್ಲಿ ಒಂದರ ಸೂಜಿ ತುಕ್ಕು ಹಿಡಿದು ಪಕ್ಕದ ಐದಕ್ಕೂ ಕೆಂಪು ಬಳಿದಿತ್ತು. ತಪ್ಪು ರೀಲಿನದ್ದಲ್ಲ, ಅಂಗಡಿಯದ್ದಲ್ಲ, ನನ್ನದೇ. ಒಣಗಿದ ಉಪ್ಪು ಸುಮ್ಮನೆ ಕೂರುವುದಿಲ್ಲ ಸ್ವಾಮಿ. ಇಲ್ಲಿ ಜುಲೈಯ ಮಳೆ ಬಂದ ಕೂಡಲೇ ಗಾಳಿಯ ತೇವವನ್ನು ಎಳೆದುಕೊಂಡು ಮತ್ತೆ ಉಪ್ಪುನೀರಾಗುತ್ತದೆ. ನಾನು ಸಮುದ್ರದಿಂದ ಏಳುನೂರು ಎಂಟುನೂರು ಕಿಲೋಮೀಟರು ದೂರ ಬಂದಿದ್ದೆ ನಿಜ, ಆದರೆ ಸಮುದ್ರದ ಒಂದು ಚೂರನ್ನು ಚೀಲದಲ್ಲೇ ಕಟ್ಟಿ ತಂದಿದ್ದೆ.

ಅವತ್ತಿನಿಂದ ಕಲಿತದ್ದನ್ನು ಒಂದಿಷ್ಟು ಇಲ್ಲಿ ಹೇಳಿಬಿಡುತ್ತೇನೆ. ನನ್ನ ಹಾಗೆ ವರ್ಷಕ್ಕೆ ಎರಡು ಸಲ ಊರಿಗೆ ಓಡುವ ಕರಾವಳಿಯವರು ಈ ಊರಲ್ಲಿ ಬೇಕಾದಷ್ಟಿದ್ದೀರಿ. 2024ರಲ್ಲಿ ಕಾಚಿಗುಡಾ-ಮಂಗಳೂರು ರೈಲನ್ನು ಮುರುಡೇಶ್ವರದ ತನಕ ಮುಂದುವರಿಸಿದ ಮೇಲಂತೂ ಕುಂದಾಪುರದ ಕಡೆಯವರಿಗೆ ಮಂಗಳೂರಲ್ಲಿ ಇಳಿದು ಬಸ್ಸಿಗೆ ಗುದ್ದಾಡುವ ಕಷ್ಟವೂ ತಪ್ಪಿದೆ. ಜತೆಗೆ ಗಾಳ ಒಯ್ಯುವವರೂ ಹೆಚ್ಚಾಗಿದ್ದಾರೆ.

ಮೊದಲು ಆರಿಸುವ ವಿಷಯ.

ಈಗ ಎಲ್ಲ ಕಡೆ ಸಿಗುವುದು ಜಪಾನಿನ 'ಎಗಿ'. ಸಿಗಡಿಯಾಕಾರದ, ಬಟ್ಟೆ ಹೊದಿಸಿದ ಗಾಳ. ದಕ್ಷಿಣ ಜಪಾನಿನ ಬೆಸ್ತರು ಶತಮಾನಗಳ ಹಿಂದೆ ಮರದಲ್ಲಿ ಕೆತ್ತುತ್ತಿದ್ದದ್ದು ಈಗ ಪ್ಲಾಸ್ಟಿಕ್ಕಾಗಿದೆ, ಅಷ್ಟೇ. ದೊಡ್ಡಪ್ಪನ ಬಟ್ಟೆ ಸುತ್ತಿದ ಸೀಸದ ಕಡ್ಡಿಗೂ ಇದಕ್ಕೂ ಒಂದೇ ತತ್ವ. ಅದರ ಮೇಲೆ 2.5, 3.0, 3.5 ಅಂತ ನಂಬರು ಇರುತ್ತದೆ. ಅದು ತೂಕ ಅಂತ ನಾನು ತಿಳಿದಿದ್ದೆ. ಅಲ್ಲ, ಉದ್ದ. ಒಂದು ನಂಬರಿಗೆ ಜಪಾನಿನ ಹಳೇ ಅಳತೆಯಲ್ಲಿ ಸುಮಾರು ಮೂರು ಸೆಂಟಿಮೀಟರು. ಹಾಗಾಗಿ 3.5 ಅಂದರೆ ಹತ್ತೂವರೆ ಸೆಂಟಿಮೀಟರು, ತೂಕ ಇಪ್ಪತ್ತು ಗ್ರಾಂ ಆಸುಪಾಸು. 2.5 ಅಂದರೆ ಏಳೂವರೆ ಸೆಂಟಿಮೀಟರು, ಹತ್ತು ಗ್ರಾಂ. ನಮ್ಮ ಕಡೆಯ ಬೊಂಡಾಸಿಗೆ, ತಡೆಗೋಡೆಯ ಮೇಲಿಂದ ಅಥವಾ ಸಣ್ಣ ದೋಣಿಯಿಂದ ಹಾಕುವವರಿಗೆ 2.5 ಮತ್ತು 3.0 ಸಾಕು. 3.5 ಕೊಳ್ಳುವುದು ಕಪ್ಪೆ ಬೊಂಡಾಸಿನ ಆಸೆಗೆ.

ಬಣ್ಣ? ಇಲ್ಲಿ ನನ್ನ ಅಭಿಪ್ರಾಯ ಅಂಗಡಿಯವರಿಗೆ ಇಷ್ಟವಾಗಲಿಕ್ಕಿಲ್ಲ. ಬೊಂಡಾಸಿಗೆ ಬಣ್ಣ ಕಾಣುವುದಿಲ್ಲ. ಅದರ ಕಣ್ಣಿನಲ್ಲಿ ಬೆಳಕು ಹಿಡಿಯುವ ವರ್ಣದ್ರವ್ಯ ಒಂದೇ ಬಗೆಯದ್ದು. ಬೆಳಕು ಕತ್ತಲೆಯ ವ್ಯತ್ಯಾಸ, ಹೊಳಪು, ನಮಗೆ ಕಾಣದ ಬೆಳಕಿನ ಧ್ರುವೀಕರಣ ಎಲ್ಲ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಅಂದ ಮೇಲೆ ಗುಲಾಬಿ, ಕಿತ್ತಳೆ, ನೇರಳೆ, ಗಿಳಿಹಸಿರು ಇಷ್ಟೆಲ್ಲ ಯಾರಿಗೆ? ನಮಗೆ! ಅಂಗಡಿಯ ಗಾಜಿನ ಹಿಂದಿನ ಗಾಳ ಮೊದಲು ಹಿಡಿಯುವುದು ಮನುಷ್ಯರನ್ನು. ನನ್ನ ಡಬ್ಬಿಯಲ್ಲಿ ಒಂದು ಕಾಲಕ್ಕೆ ಇಪ್ಪತ್ತೆರಡು ಗಾಳಗಳಿದ್ದವು. ಈಗ ಆರೇ ಆರು. ಎರಡು ತಿಳಿ, ಎರಡು ಗಾಢ, ಎರಡು ಕತ್ತಲಲ್ಲಿ ಹೊಳೆಯುವವು. ತಿಳಿನೀರಿಗೆ, ಕಲಕು ನೀರಿಗೆ, ರಾತ್ರಿಗೆ. ಮುಗಿಯಿತು.

ಬಣ್ಣಕ್ಕಿಂತ ಮುಖ್ಯ ಅದು ಮುಳುಗುವ ರೀತಿ. ಗಲ್ಲದ ಕೆಳಗೆ ಸೀಸ ಇರುವುದರಿಂದ ಮೂಗು ಕೆಳಗೆ ಮಾಡಿ ಓರೆಯಾಗಿ ಇಳಿಯಬೇಕು. ಕೋಲನ್ನು ಎರಡು ಸಲ ಮೇಲಕ್ಕೆ ಜಗ್ಗಿ ಬಿಟ್ಟರೆ ಅದು ಸಿಗಡಿಯ ಹಾಗೆ ಹಾರಿ, ಮತ್ತೆ ನಿಧಾನ ಇಳಿಯುತ್ತದೆ. ಬೊಂಡಾಸ್ ಅಪ್ಪುವುದು ಹಾರುವಾಗ ಅಲ್ಲ, ಇಳಿಯುವಾಗ. ಕೊಂಡ ಗಾಳವನ್ನು ಒಂದು ಬಕೆಟ್ ನೀರಿಗೆ ಬಿಟ್ಟು ನೋಡಿ. ಪಕ್ಕಕ್ಕೆ ವಾಲಿ ಸುತ್ತುತ್ತಾ ಇಳಿದರೆ ಎಷ್ಟೇ ಚಂದ ಇದ್ದರೂ ಅದು ಗೋಡೆಗೆ ತೂಗುಹಾಕಲು ಮಾತ್ರ.

ಕೋಲು ಎಂಟು ಎಂಟೂವರೆ ಅಡಿಯದ್ದು, ಎರಡು ತುಂಡಿನದ್ದು. ರೈಲಿನ ಬರ್ತಿನಲ್ಲಿ ಪಕ್ಕಕ್ಕೆ ಇಟ್ಟು ಮಲಗಬಹುದು. ದುಬಾರಿ ಚೀಲ ಬೇಡ. ನಲ್ಲಿ ರಿಪೇರಿಯವರ ಹತ್ತಿರ ಸಿಗುವ ಪಿವಿಸಿ ಪೈಪು, ಎರಡು ಕಡೆ ಮುಚ್ಚಳ. ಮೇಲೆ ಯಾರ ಟ್ರಂಕು ಬಿದ್ದರೂ ಚಿಂತೆಯಿಲ್ಲ. ರೀಲು 2500 ಅಥವಾ 3000 ಸೈಜಿನದ್ದು. ಅದರಲ್ಲಿ ನೋಡಬೇಕಾದದ್ದು ಹೊಳಪಲ್ಲ, ಎಳೆತ ನುಣುಪಾಗಿ ಬಿಟ್ಟುಕೊಡುತ್ತದೆಯೇ ಅನ್ನುವುದು. ಬೊಂಡಾಸ್ ನೀರು ಚಿಮ್ಮಿಸಿ ಹಿಂದಕ್ಕೆ ಓಡುವಾಗ ರೀಲು ದಾರ ಕೊಡಬೇಕು, ಇಲ್ಲವಾದರೆ ತೋಳು ಕೀಳುತ್ತದೆ. ದಾರ ತೆಳ್ಳಗಿನ ಹೆಣೆದ ದಾರ, ಜಪಾನಿ ಲೆಕ್ಕದಲ್ಲಿ 0.6 ಅಥವಾ 0.8. ತುದಿಗೆ ಒಂದು ಮಾರು ಫ್ಲೂರೋಕಾರ್ಬನ್, ಕಲ್ಲಿಗೆ ಉಜ್ಜಿದರೂ ತಡೆಯಲಿ ಅಂತ.

ಕಾಸು ಎಲ್ಲಿ ಹಾಕಬೇಕು ಅಂತ ಕೇಳಿದರೆ ನನ್ನ ಉತ್ತರ: ದಾರಕ್ಕೆ ಮತ್ತು ಸೂಜಿಗೆ. ಕೋಲಿಗೆ ಅಲ್ಲ. ಬೊಂಡಾಸಿಗೆ ಕೋಲಿನ ಬೆಲೆ ಗೊತ್ತಾಗುವುದಿಲ್ಲ, ದಡದಲ್ಲಿ ನಿಂತ ಬೇರೆಯವರಿಗೆ ಮಾತ್ರ ಗೊತ್ತಾಗುತ್ತದೆ.

ಇನ್ನು ಆರೈಕೆ. ನಿಜ ಹೇಳಬೇಕೆಂದರೆ ಎಲ್ಲವೂ ಇರುವುದು ಇಲ್ಲೇ.

ಮಸಿ ಬಿದ್ದ ಗಾಳವನ್ನು ಅಲ್ಲೇ, ಆಗಲೇ ಸಮುದ್ರದ ನೀರಲ್ಲಿ ಜಾಲಾಡಿಸಿ. ಮಸಿ ಒಣಗಿದರೆ ಬಟ್ಟೆ ಬಿಡುವುದಿಲ್ಲ. ಮನೆಗೆ ಬಂದ ಮೇಲೆ ಗಾಳಗಳನ್ನೆಲ್ಲ ಬಕೆಟ್ ಸಿಹಿನೀರಲ್ಲಿ ಅರ್ಧ ಗಂಟೆ ನೆನೆಸಿ, ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಸೂಜಿಗಳ ಬುಡ ಉಜ್ಜಿ. ನೆರಳಲ್ಲಿ ತೂಗುಹಾಕಿ. ಬಿಸಿಲಿಗಿಟ್ಟರೆ ಅಂಟು ಬಿಟ್ಟು ಬಟ್ಟೆ ಏಳುತ್ತದೆ. ಬಾಗಿದ ಸೂಜಿಯನ್ನು ಇಕ್ಕಳದಿಂದ ನಿಧಾನಕ್ಕೆ ಸರಿಮಾಡಿ, ಮೊಂಡಾದದ್ದನ್ನು ಸಣ್ಣ ಅರದಿಂದ ಒಂದೆರಡು ಸಲ ತೀಡಿ. ಪೂರ್ತಿ ಒಣಗದೆ ಡಬ್ಬಿಗೆ ಹಾಕಲೇಬೇಡಿ. ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಆ ಬಿಳೀ ಹರಳಿನ ಪುಟ್ಟ ಪೊಟ್ಟಣ ಬಿಸಾಡುತ್ತೀರಲ್ಲ, ಅದನ್ನು ಎತ್ತಿಟ್ಟು ಈ ಡಬ್ಬಿಗೆ ಹಾಕಿ.

ರೀಲನ್ನು ಮಾತ್ರ ಬಕೆಟ್ಟಿನಲ್ಲಿ ಮುಳುಗಿಸಬೇಡಿ. ಮೊದಲು ಮೇಲಿನ ತಿರುಪು ಪೂರ್ತಿ ಬಿಗಿ ಮಾಡಿ, ಆಗ ನೀರು ಒಳಗಿನ ಬಿಲ್ಲೆಗಳಿಗೆ ಇಳಿಯುವುದಿಲ್ಲ. ನಲ್ಲಿಯ ಸಣ್ಣ ಧಾರೆ ಬಿಡಿ. ಬಿಸಿನೀರೂ ಬೇಡ, ಪೈಪಿನ ಜೋರೂ ಬೇಡ. ಜೋರು ನೀರು ಉಪ್ಪನ್ನು ಹೊರಗೆ ಹಾಕುವ ಬದಲು ಒಳಗೆ ತಳ್ಳುತ್ತದೆ. ಒಣಗಿದ ಮೇಲೆ ತಿರುಪು ಸಡಿಲಿಸಿ ಇಡಿ. ವರ್ಷವಿಡೀ ಬಿಗಿಯಾಗಿಯೇ ಇಟ್ಟರೆ ಬಿಲ್ಲೆ ಚಪ್ಪಟೆಯಾಗಿ, ಮುಂದಿನ ಸಲ ದಾರ ಜರ್ಕು ಹೊಡೆಯುತ್ತದೆ. ದಾರದ ಗಾಲಿಗೆ, ಹಿಡಿಕೆಗೆ ಒಂದೊಂದು ತೊಟ್ಟು ಎಣ್ಣೆ. ಕೋಲಿನ ಉಂಗುರಗಳಲ್ಲಿ ಬಿರುಕು ಬಂದಿದೆಯೇ ನೋಡಲು ಕಣ್ಣು ಸಾಲದು. ಒಂದು ಚೂರು ಹತ್ತಿಯನ್ನು ಒಳಗೆ ತಿರುಗಿಸಿ, ಬಿರುಕಿದ್ದರೆ ಎಳೆ ಸಿಕ್ಕಿಕೊಳ್ಳುತ್ತದೆ.

ಇಲ್ಲಿನವರಿಗೆ ಇನ್ನೊಂದು ಮಾತು. ಬೋರ್‌ವೆಲ್ ನೀರಲ್ಲಿ ತೊಳೆಯಬೇಡಿ, ಒಣಗಿದ ಮೇಲೆ ಬಿಳೀ ಪದರ ಕೂರುತ್ತದೆ. ನಲ್ಲಿ ನೀರು ಬಂದ ಹೊತ್ತಿಗೆ ಒಂದು ಬಕೆಟ್ ಹಿಡಿದಿಡಿ. ನಮ್ಮ ನಲ್ಲಿಗೆ ಬರುವ ನೀರಿನಲ್ಲಿ ಮಂಜೀರಾ ಇದೆ, ಕೃಷ್ಣೆ ಇದೆ. ಒಂದು ಬೀದರ ಹಾದು ಬಂದದ್ದು, ಇನ್ನೊಂದು ರಾಯಚೂರು ಹಾದು ಬಂದದ್ದು. ಗಂಗೊಳ್ಳಿಯ ಉಪ್ಪು ತೊಳೆಯಲು ಬೀದರ ಮುಟ್ಟಿ ಬಂದ ನೀರು! ಕಾಚಿಗುಡದ ಸಾಹಿತ್ಯ ಮಂದಿರದ ಕಾರ್ಯಕ್ರಮಗಳಲ್ಲೂ ಕರ್ನಾಟಕ ಇಷ್ಟು ಚೆನ್ನಾಗಿ ಒಟ್ಟಾಗುತ್ತದೋ ಇಲ್ಲವೋ.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ಮನಸ್ಸಿನಲ್ಲಿ ಕುಟುಕುತ್ತಿರುವ ವಿಷಯ ಬೇರೆಯೇ ಇದೆ. ಗಾಳ ತೊಳೆಯುತ್ತಾ ಕೂತರೆ ಅದೇ ನೆನಪಾಗುತ್ತದೆ.

ಎರಡು ವರ್ಷದ ಹಿಂದೆ ನನ್ನ ಅಕ್ಕನ ಮಗ ಫೋನ್ ಮಾಡಿದ. ಅವನದ್ದು ಸಣ್ಣ ದೋಣಿ, ಸಾಲದ ಎಂಜಿನ್ನು. "ಮಾವ, ಒಂದೂವರೆ ಲಕ್ಷ ಬೇಕಿತ್ತ್" ಅಂದ. ಯಾಕೆ ಅಂದೆ. ಜನರೇಟರು, ಎಲ್‌ಇಡಿ ಲೈಟು. ರಾತ್ರಿ ಬೆಳಕು ಹಾಕಿ ಹಿಡಿಯಲು.

ಬೆಳಕಿನ ಮೀನುಗಾರಿಕೆ ಹೊಸತೇನಲ್ಲ. ಹಿಂದೆ ಗ್ಯಾಸ್‌ಲೈಟ್ ಇತ್ತು. ಜಪಾನಿನಲ್ಲಿ ಬೊಂಡಾಸ್ ದೋಣಿಗಳು ದೀಪದ ಸಾಲು ಹಚ್ಚಿಕೊಂಡೇ ಹೋಗುವುದು. ಥಾಯ್ಲೆಂಡ್ ಕೊಲ್ಲಿಯ ಹಸಿರು ದೀಪಗಳು, ಅರ್ಜೆಂಟೀನಾದ ಕಡಲಂಚಿನ ದೀಪಗಳು ಬಾಹ್ಯಾಕಾಶದಿಂದಲೂ ಊರಿನ ಹಾಗೆ ಕಾಣುತ್ತವೆ. ಬೊಂಡಾಸ್ ಬೆಳಕಿನ ನಡುವೆ ಬರುವುದಿಲ್ಲ. ಬೆಳಕಿಗೆ ಚಿಕ್ಕ ಜೀವಿಗಳು, ಚಿಕ್ಕ ಮೀನುಗಳು ಮುತ್ತುತ್ತವೆ. ಬೊಂಡಾಸ್ ದೋಣಿಯ ನೆರಳಲ್ಲಿ ನಿಂತು, ಬೆಳಕಿಗೆ ನುಗ್ಗಿ ಹಿಡಿದು ಮತ್ತೆ ನೆರಳಿಗೆ ಹೋಗುತ್ತದೆ. ಕೈಗಾಳದವನು ಅಲ್ಲಿ ಒಂದೊಂದೇ ಎತ್ತುತ್ತಾನೆ. ಆದರೆ ಹತ್ತಾರು ಸಾವಿರ ವಾಟ್ ಸುರಿದು, ಸೇರಿದ್ದನ್ನೆಲ್ಲ ಬಲೆಯಲ್ಲಿ ಸುತ್ತಿ ಎತ್ತಿದರೆ? ಮರಿ, ತಾಯಿ, ಬಂಗುಡೆ, ಬೂತಾಯಿ, ಯಾವುದಕ್ಕೂ ತಪ್ಪಿಸಿಕೊಳ್ಳುವ ಕತ್ತಲೆ ಉಳಿಯುವುದಿಲ್ಲ. ಅದಕ್ಕೇ 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ಎಲ್‌ಇಡಿ ಬೆಳಕಿನ ಮೀನುಗಾರಿಕೆ ನಿಷೇಧಿಸಿತು. ನಮ್ಮ ರಾಜ್ಯದಲ್ಲೂ ನಿಷೇಧವಿದೆ. ಹೀಗಿದ್ದೂ ಅದು ನಿಂತಿಲ್ಲ ಅಂತ ನಾಡದೋಣಿಯವರು ಬೀದಿಗಿಳಿದದ್ದು ಒಂದೆರಡು ಸಲವಲ್ಲ.

ನಾನು ಕೊಡಲಿಲ್ಲ. ಕಾನೂನು ಹೇಳಿದೆ, ದೊಡ್ಡಪ್ಪನ ಹೆಸರು ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ. ಮೇಲಿಂದ ನನ್ನ ದಡ್ಡತನ ನೋಡಿ, ಒಂದು ಪಾರ್ಸಲ್‌ನಲ್ಲಿ ಹತ್ತು ಎಗಿ ಕಳಿಸಿದೆ. ಅವನು ಅದಕ್ಕೆ ಹೇಳಿದ್ದು ಒಂದೇ ಮಾತು. "ನಿಮ್ಗೆ ಅದ್ ಆಟ, ನಮ್ಗೆ ಗಂಜಿ." ಆಮೇಲೆ ಒಂದು ವರ್ಷ ಫೋನಿಲ್ಲ. ಅಕ್ಕನೂ ಮುಖ ಕೊಟ್ಟು ಮಾತಾಡಲಿಲ್ಲ.

ಆ ಮಾತಿಗೆ ನನ್ನ ಹತ್ತಿರ ಅವತ್ತು ಉತ್ತರ ಇರಲಿಲ್ಲ. ಇವತ್ತೂ ಪೂರ್ತಿ ಇಲ್ಲ. ತಿಂಗಳ ಸಂಬಳ ಎಣಿಸಿ, ಎಸಿ ರೂಮಿನಲ್ಲಿ ಕೂತು, ವರ್ಷಕ್ಕೆ ಎಂಟು ದಿನ ಸಮುದ್ರ ನೋಡುವವನು ಸಮುದ್ರ ಉಳಿಸುವ ಪಾಠ ಹೇಳುವುದು ಸುಲಭ. ಪಕ್ಕದ ದೊಡ್ಡ ದೋಣಿ ರಾತ್ರಿಯೆಲ್ಲ ಹಗಲು ಮಾಡಿಕೊಂಡು ಗುಡಿಸಿಕೊಂಡು ಹೋಗುವುದನ್ನು ನೋಡುತ್ತಾ, ಬ್ಯಾಂಕಿನ ಕಂತು ಲೆಕ್ಕ ಹಾಕುವವನಿಗೆ "ನೀನೊಬ್ಬ ಒಳ್ಳೆಯವನಾಗಿರು" ಅಂದರೆ ಅದು ಉಪದೇಶ ಅಷ್ಟೇ, ನ್ಯಾಯ ಅಲ್ಲ. ನಿಷೇಧ ಎಲ್ಲರಿಗೂ ಒಂದೇ ಆಗಿದ್ದರೆ ಅವನು ನನಗೆ ಫೋನೇ ಮಾಡುತ್ತಿರಲಿಲ್ಲ. ಕತ್ತಲ ಸಮುದ್ರದಲ್ಲಿ ದೋಣಿ ಅಟ್ಟಿಸಿಕೊಂಡು ಹೋಗುವುದಕ್ಕಿಂತ, ಹಗಲಿನಲ್ಲಿ ಬಂದರಿನಲ್ಲಿ ನಿಂತ ದೋಣಿಯ ಮೇಲಿನ ದೀಪ ಮತ್ತು ಜನರೇಟರು ನೋಡುವುದು ಸುಲಭವಲ್ಲವೇ? ದೊಡ್ಡ ದೋಣಿಯಿಂದ ಶುರುಮಾಡಿದರೆ ಸಣ್ಣವರು ತಾವಾಗಿ ಬಿಡುತ್ತಾರೆ. ಇದು ನನ್ನ ಅಭಿಪ್ರಾಯ.

ಹಾಗಂತ ಕೈಗಾಳ ಹಿಡಿದವರೆಲ್ಲ ಸಾಧುಗಳು ಅಂತಲೂ ನಾನು ಹೇಳುವುದಿಲ್ಲ. ನಮ್ಮ ಕರಾವಳಿಯಲ್ಲೇ ತೆಂಗಿನ ಗೊನೆಯ ಒಣ ಹೊಂಬಾಳೆಗಳನ್ನು ಹಗ್ಗಕ್ಕೆ ಕಟ್ಟಿ, ಭಾರ ಹಾಕಿ ಸಮುದ್ರದ ತಳಕ್ಕೆ ಇಳಿಸುವ ಪದ್ಧತಿ ಬಂತು. ಕಪ್ಪೆ ಬೊಂಡಾಸ್ ಮೊಟ್ಟೆ ಅಂಟಿಸಲು ಅಂಥ ಜಾಗವನ್ನೇ ಹುಡುಕುತ್ತದೆ. ಬಿಳೀ ದ್ರಾಕ್ಷಿಯ ಗೊಂಚಲಿನ ಹಾಗೆ ಮೊಟ್ಟೆ ಇಡಲು ಬಂದ ಜೋಡಿಗಳನ್ನು ಅಲ್ಲೇ ಗಾಳದಲ್ಲಿ ಎತ್ತುವುದು. ಹೆರಿಗೆ ಮನೆಯ ಬಾಗಿಲಲ್ಲಿ ಕಾದು ಕೂತ ಹಾಗೆ. ಇದರಿಂದ ಗಾಳದವರಿಗೂ ಟ್ರಾಲರಿನವರಿಗೂ ಜಗಳಗಳಾದವು. ಮಂಗಳೂರಿನ ಮೀನುಗಾರಿಕೆ ವಿಜ್ಞಾನಿಗಳೂ ಈ ಪದ್ಧತಿಯನ್ನು ಅಧ್ಯಯನ ಮಾಡಿ ಎಚ್ಚರಿಕೆ ಹೇಳಿದರು. ಬೊಂಡಾಸಿನ ಆಯುಷ್ಯ ಹೆಚ್ಚೂಕಡಿಮೆ ಒಂದು ವರ್ಷ. ಮೊಟ್ಟೆ ಇಟ್ಟು ಸಾಯುತ್ತದೆ. ಹಿಂದಿನ ವರ್ಷದ ಅಜ್ಜಿ ಬೊಂಡಾಸ್ ಅಂತ ಯಾವುದೂ ಉಳಿದಿರುವುದಿಲ್ಲ. ಈ ವರ್ಷದ ಮೊಟ್ಟೆ ತಪ್ಪಿದರೆ ಮುಂದಿನ ವರ್ಷ ಖಾಲಿ. ಬೇರೆ ಮೀನುಗಳಿಗಿರುವ ಉಳಿತಾಯ ಖಾತೆ ಇದಕ್ಕಿಲ್ಲ.

ಹಾಗಾದರೆ ಗಾಳ ಯಾವುದು ಅನ್ನುವುದಕ್ಕಿಂತ ಯಾವಾಗ, ಎಷ್ಟು ಅನ್ನುವುದು ದೊಡ್ಡದು. ಆದರೂ ಗಾಳದಲ್ಲಿ ಒಂದು ಒಳ್ಳೆಯ ಗುಣ ಇದೆ. ಅದು ಒಂದೊಂದನ್ನೇ ಎತ್ತುತ್ತದೆ, ಎತ್ತಿದ್ದನ್ನು ನೋಡಲು ಪುರುಸೊತ್ತು ಕೊಡುತ್ತದೆ. ಬೇಡವೆಂದರೆ ಹಿಂಮುಳ್ಳಿಲ್ಲದ ಸೂಜಿಯಿಂದ ಕಳಚಿ ಬಿಡಬಹುದು. ಬಲೆಗೆ ಆ ಪುರುಸೊತ್ತಿಲ್ಲ. ಗಾಳದ ಬೊಂಡಾಸಿನ ಚರ್ಮ ಹರಿದಿರುವುದಿಲ್ಲ, ಮರಳು ತಿಂದಿರುವುದಿಲ್ಲ. ಹಾಗಾಗಿ ಒಳ್ಳೆಯ ಬೆಲೆ ಸಿಗಬೇಕಾದದ್ದು ಅದಕ್ಕೇ. ಕೇರಳದ ವಿಳಿಂಜಮ್‌ನಲ್ಲಿ ಗಾಳದಿಂದಲೇ ಹಿಡಿಯುವವರು ಇವತ್ತಿಗೂ ಇದ್ದಾರೆ. ಇಲ್ಲಿ ತಿನ್ನುವ ನಾವು ಕ್ಯಾಲಮಾರಿಯ ತಟ್ಟೆ ಬಂದಾಗ "ಇದು ಎಲ್ಲಿಂದ, ಹೇಗೆ ಹಿಡಿದದ್ದು?" ಅಂತ ಒಂದು ಪ್ರಶ್ನೆ ಕೇಳುವುದಿಲ್ಲ. ಮೂರು ಸಲ ಕೇಳಿದರೆ ವೇಟರು ನಗುತ್ತಾನೆ. ಮುನ್ನೂರು ಜನ ಕೇಳಿದರೆ ಮ್ಯಾನೇಜರು ವಿಚಾರಿಸುತ್ತಾನೆ. ಕರಾವಳಿಯ ನಾವೇ ಕೇಳದಿದ್ದರೆ ಇನ್ಯಾರು ಕೇಳಬೇಕು?

ನನ್ನ ಮಟ್ಟಿಗೆ ಕೆಲವು ನಿಯಮ ಮಾಡಿಕೊಂಡಿದ್ದೇನೆ. ಒಂದು ಸಂಜೆಗೆ ಐದೇ ಬೊಂಡಾಸ್. ಅಂಗೈಗಿಂತ ಸಣ್ಣದನ್ನು ಬಿಡುವುದು. ಮೊಟ್ಟೆ ಇಡುವ ಜಾಗ ಅಂತ ಗೊತ್ತಾದರೆ ಅಲ್ಲಿಂದ ಏಳುವುದು. ತುಂಡಾದ ದಾರ ಒಂದು ಗೇಣೂ ಕಲ್ಲಿನ ಸಂದಿಯಲ್ಲಿ ಬಿಡದೆ ಜೇಬಿನಲ್ಲಿ ತರುವುದು. ಹೆಣೆದ ದಾರ ಕೊಳೆಯುವುದಿಲ್ಲ, ನಾನು ಸತ್ತ ಮೇಲೂ ಅಲ್ಲೇ ಯಾವುದೋ ಹಕ್ಕಿಯ ಕಾಲಿಗೆ ಕಾದಿರುತ್ತದೆ. ಮತ್ತೆ ಇದ್ದ ಆರು ಗಾಳ ಹಾಳಾಗುವವರೆಗೆ ಏಳನೆಯದ್ದು ಕೊಳ್ಳದಿರುವುದು. ಚೆನ್ನಾಗಿ ತೊಳೆದಿಟ್ಟರೆ ಅವು ಹಾಳೂ ಆಗುವುದಿಲ್ಲ, ಅದೇ ತೊಂದರೆ!

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದೆ. ಸಂಜೆ ಅಕ್ಕನ ಮನೆಯ ಜಗಲಿಯಲ್ಲಿ ರೀಲು ಒರೆಸುತ್ತಾ ಕೂತಿದ್ದೆ. ಹುಡುಗ ದೋಣಿಯಿಂದ ಬಂದ. ಮಾತಿಲ್ಲ. ಸ್ವಲ್ಪ ಹೊತ್ತು ನಿಂತು ನೋಡಿದ. ಆಮೇಲೆ ಹತ್ತಿರ ಬಂದು ರೀಲನ್ನು ಕೈಯಿಂದ ತೆಗೆದುಕೊಂಡು, ದಾರದ ಗಾಲಿಯ ಹಿಂದೆ ಉಗುರಿನಿಂದ ಕೆರೆದ. "ಮಾವ, ಇಲ್ಲ್ ಉಪ್ಪಿತ್ತ್ ಕಾಣಿ" ಅಂದ. ಒದ್ದೆ ಬಟ್ಟೆಯ ಮೂಲೆಯನ್ನು ಹುರಿಮಾಡಿ ಸಂದಿಗೆ ಹಾಕಿ ಒರೆಸಿದ, ವಾಪಸು ಕೊಟ್ಟ. ಲೈಟಿನ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಾನು ಕಳಿಸಿದ ಹತ್ತು ಎಗಿಗಳಲ್ಲಿ ನಾಲ್ಕು ಅವನ ದೋಣಿಯ ಮೂಲೆಯಲ್ಲಿ ತೂಗುತ್ತಿದ್ದದ್ದನ್ನು ಮರುದಿನ ಕಂಡೆ. ಸೂಜಿಗಳು ಹೊಳೆಯುತ್ತಿದ್ದವು. ಅದು ಅಪ್ಪಣೆಯೋ, ಕ್ಷಮೆಯೋ, ಸುಮ್ಮನೆ ಅಭ್ಯಾಸವೋ ನನಗೆ ಗೊತ್ತಾಗಲಿಲ್ಲ. ದೀಪ ಬಂದಿದೆಯೋ ಇಲ್ಲವೋ ಅಂತ ಸುತ್ತ ನೋಡುವ ಧೈರ್ಯವೂ ಬರಲಿಲ್ಲ.

ಪಕ್ಕದ ಫ್ಲಾಟಿನ ಹುಡುಗನಿಗೆ ಇಷ್ಟೆಲ್ಲ ಹೇಳಲಿಲ್ಲ ಬಿಡಿ. ಒಂದು ತೊಳೆದ ಗಾಳ ಅವನ ಕೈಗೆ ಕೊಟ್ಟೆ. ಮೂಸಿ ನೋಡಿ "ವಾಸನೆಯೇ ಇಲ್ಲ" ಅಂದ. ಇರಬಾರದು, ಅದೇ ಲೆಕ್ಕ, ಸಮುದ್ರದ್ದನ್ನು ಸಮುದ್ರದಲ್ಲೇ ಬಿಟ್ಟು ಬರಬೇಕು ಅಂದೆ.

ಮಳೆ ಮುಗಿದು ನೀರು ತಿಳಿಯಾಗುವುದು ಅಕ್ಟೋಬರಿನ ನಂತರ. ದೀಪಾವಳಿಗೆ ಊರಿಗೆ ಹೋಗುವವರು ಗಾಳ ಒಯ್ಯಿರಿ, ಖುಷಿಯಾಗಿ ಹಿಡಿಯಿರಿ, ಬೊಂಡಾಸ್ ಸುಕ್ಕ ಮಾಡಿ ತಿನ್ನಿ. ಬಕೆಟ್ ಮಾತ್ರ ಮರೆಯಬೇಡಿ. ಮತ್ತೆ ಊರಲ್ಲಿ ದೋಣಿ ಇರುವ ನಿಮ್ಮ ಅಕ್ಕನ ಮಗನೋ ತಮ್ಮನೋ ಇದ್ದರೆ, ಉಪದೇಶ ಕೊಡುವ ಮೊದಲು ಅವನ ಸಾಲ ಎಷ್ಟಿದೆ ಅಂತ ಕೇಳಿ. ನಾನು ಕೇಳಿರಲಿಲ್ಲ.